ಹಲವು ಮಕ್ಕಳ ತಾಯಿ ಬೇರು

ಕಳೆದ ಯುಗಾದಿಗೆ ಮನೆಗೆ ಸುಣ್ಣ ಬಳಿಸುವ ಸಂದರ್ಭದಲ್ಲಿ ಅಡಿಗೆಮನೆಯ ಅಟ್ಟವನ್ನು ಬರಿದುಮಾಡುವ ಕೆಲಸವು ನಮ್ಮ ಪಾಲಿಗೆ ಬಂದಿತು. ನಿವೃತ್ತರಾದ ಉಪಾಧ್ಯಾಯರನ್ನು ಇಂತಹ ಕೆಲಸಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಹಳೆಯ ಉಪ್ಪಿನಕಾಯಿಯ ಜಾಡಿಗಳನ್ನೂ ತಳ ಸವೆದ ತಪ್ಪಲೆಗಳನ್ನೂ ಇಳಿಸಿದ ಮೇಲೆ, ಅವುಗಳ ಹಿಂದೆ ಗೋಡೆಗೆ ಒತ್ತಿ ಇಟ್ಟಿದ್ದ ಸೀಸೆ ಡಬ್ಬಿಗಳು ಒಂದೊಂದಾಗಿ ಕೈಗೆ ಸಿಕ್ಕಿದವು. ಶತಾವರಿ ಚೂರ್ಣದ ಡಬ್ಬಿಗಳು ನಾಲ್ಕು. ಅಶೋಕಾರಿಷ್ಟದ ಸೀಸೆಗಳು ಮೂರು. ಅಶ್ವಗಂಧದ ಪುಡಿ ಒಂದು. ಸೋಯಾ ಅವರೆಯ ಸಾರವೆಂದು ಬರೆದಿದ್ದ ಗುಳಿಗೆಗಳ ಡಬ್ಬಿ ಒಂದು. ಮಗಳು ಅಮೆರಿಕದಿಂದ ತಂದಿದ್ದ ಬ್ಲ್ಯಾಕ್ ಕೋಹಾಷ್ ಎಂಬ ಬೇರಿನ ಗುಳಿಗೆಗಳ ಸೀಸೆ ಎರಡು. ಒಟ್ಟು ಹನ್ನೊಂದು. ಕೆಲವು ಅರ್ಧ ಮುಗಿದಿದ್ದವು. ಕೆಲವುಗಳ ಮುಚ್ಚಳವನ್ನು ತೆರೆದೇ ಇರಲಿಲ್ಲ.

ಇವನ್ನು ಏನು ಮಾಡುವುದೆಂದು ಕೆಳಗಿನಿಂದ ನೋಡುತ್ತಿದ್ದ ಮನೆಯಾಕೆಯನ್ನು ಕೇಳಿದೆವು. ಆಕೆ ನಕ್ಕು, “ಎಸೆದುಬಿಡಿ. ಅವೇನು ನನ್ನ ಔಷಧಿಗಳೇ? ಎಲ್ಲವೂ ನಿಮ್ಮವೇ” ಎಂದಳು.

ಆ ಮಾತಿನ ಅರ್ಥವನ್ನು ವಾಚಕರಿಗೆ ತಿಳಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ. ಹೆಂಗಸರ ಮುಟ್ಟು ನಿಲ್ಲುವ ಕಾಲದ ವಿಚಾರವನ್ನು ಗಂಡಸೊಬ್ಬನು, ಅದರಲ್ಲಿಯೂ ಮನೆಮಂದಿಯೆಲ್ಲರೂ ಓದುವ ಪತ್ರಿಕೆಯಲ್ಲಿ, ಬರೆಯುವುದು ಉಚಿತವೇ ಎಂದು ಕೆಲವರು ಕೇಳಬಹುದು. ನಾವೂ ಬಹುಕಾಲ ಅದು ಅನುಚಿತವೆಂದೇ ಭಾವಿಸಿದ್ದೆವು. ಆ ಭಾವನೆಯ ಫಲವಾಗಿಯೇ ಅಟ್ಟದ ಮೇಲೆ ಹನ್ನೊಂದು ಸೀಸೆಗಳು ಸೇರಿದುವು. ಮನೆಯಾಕೆಯ ಅನುಮತಿಯನ್ನು ಪಡೆದೇ ಬರೆಯುತ್ತಿರುವೆವೆಂದು ಮೊದಲೇ ಹೇಳಿಬಿಡುತ್ತೇವೆ.

ಆರು ವರ್ಷಗಳ ಹಿಂದಿನ ಮಾತು. ಆಗ ಆಕೆಗೆ ನಲವತ್ತೇಳು ವರ್ಷ. ಧನುರ್ಮಾಸದ ಚಳಿಯಲ್ಲಿ, ನಾವು ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡು ಮಲಗಿರುವಾಗ, ಆಕೆ ನಡುರಾತ್ರಿಯಲ್ಲಿ ಎದ್ದು ಹಿತ್ತಲ ಬಾಗಿಲನ್ನು ತೆರೆದು, ಹೊಸ್ತಿಲ ಮೇಲೆ ಕುಳಿತು, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ಮುಖವು ಕೆಂಪಗೆ ಕಾದಿರುತ್ತಿತ್ತು. ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ಕೆಲವು ನಿಮಿಷಗಳಾದ ಮೇಲೆ ಮೈ ತಣ್ಣಗಾಗಿ ನಡುಗುತ್ತಿತ್ತು. ನಾವು ಮಲಗಿದಲ್ಲಿಂದಲೇ, “ಬಾಗಿಲು ಹಾಕು, ಚಳಿ ಒಳಗೆ ಬರುತ್ತದೆ” ಎಂದು ಗದರಿಸುತ್ತಿದ್ದೆವು. ಆಕೆ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು ಕತ್ತಲಲ್ಲಿಯೇ ಕುಳಿತಿರುತ್ತಿದ್ದಳು. ಮೂವತ್ತು ವರ್ಷ ಮಕ್ಕಳಿಗೆ ಕಾಳಿದಾಸನ ಗ್ರೀಷ್ಮವರ್ಣನೆಯನ್ನು ವಿವರಿಸಿದ ನಮಗೆ ಪಕ್ಕದಲ್ಲಿಯೇ ಬಂದು ಕುಳಿತಿದ್ದ ಗ್ರೀಷ್ಮದ ಗುರುತು ಸಿಕ್ಕಲಿಲ್ಲ.

ಹಗಲಿನಲ್ಲಿಯೂ ಆಕೆಯ ಸ್ವಭಾವವು ಬದಲಾದಂತೆ ತೋರಿತು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಬಾರಿ ರುಚಿ ನೋಡುವಳು. ಸಣ್ಣ ಮಾತಿಗೆ ಕಣ್ಣಲ್ಲಿ ನೀರು ತುಂಬುವಳು. “ನಿದ್ರೆಯೇ ಇಲ್ಲ” ಎಂದು ಹಲವು ಸಲ ಹೇಳಿದಳು. ಅದನ್ನು ನಾವು ಪಿತ್ತವೆಂದೆವು. ಕೆಲವು ವೇಳೆ ಸಿಡುಕೆಂದೆವು. ಕೊನೆಗೆ ಮಗಳೇ ದೂರವಾಣಿಯಲ್ಲಿ, “ಅಪ್ಪ, ಅಮ್ಮನಿಗೆ ಮುಟ್ಟು ನಿಲ್ಲುವ ವಯಸ್ಸು. ನೀವು ಸ್ವಲ್ಪ ನೋಡಿಕೊಳ್ಳಬಾರದೇ?” ಎಂದು ಹೇಳಬೇಕಾಯಿತು. ಮಗಳ ಬಾಯಿಂದ ಆ ಮಾತನ್ನು ಕೇಳಿ ನಮಗಾದ ಸಂಕೋಚವು ಅಷ್ಟಿಷ್ಟಲ್ಲ. ಆಕೆಯ ತಾಯಿಯೊಡನೆ ಮಾತನಾಡುವುದನ್ನು ಬಿಟ್ಟು ನಾವು ಮಾಡಿದ ಕೆಲಸವೆಂದರೆ ಪುಸ್ತಕಗಳನ್ನು ತೆರೆದುದು.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ, ರಜಸ್ಸು ಹನ್ನೆರಡನೆಯ ವರ್ಷದಿಂದ ಆರಂಭವಾಗಿ ಐವತ್ತನೆಯ ವರ್ಷದಲ್ಲಿ ಕ್ಷಯವಾಗುವುದೆಂದು ಹೇಳಿದೆ. ಇಂದಿನ ಎಣಿಕೆಯೂ ಇದಕ್ಕೆ ದೂರವಲ್ಲ. ನಮ್ಮ ದೇಶದ ಸ್ತ್ರೀಯರಲ್ಲಿ ಸರಾಸರಿ ನಲವತ್ತಾರು ನಲವತ್ತೇಳರ ಸುಮಾರಿಗೂ, ಪಾಶ್ಚಾತ್ಯರಲ್ಲಿ ಐವತ್ತೊಂದರ ಸುಮಾರಿಗೂ ಇದು ಸಂಭವಿಸುವುದು. ಗಮನಿಸತಕ್ಕ ಸಂಗತಿಯೆಂದರೆ, ಪ್ರಾಚೀನರು ಇದನ್ನು ಜರೆಯ ಸಹಜಕ್ರಮದಲ್ಲಿ ಸೇರಿಸಿದರೇ ಹೊರತು ಪ್ರತ್ಯೇಕ ರೋಗವೆಂದು ಎಣಿಸಿ ಪ್ರತ್ಯೇಕ ಚಿಕಿತ್ಸೆಯ ಅಧ್ಯಾಯವನ್ನು ಬರೆಯಲಿಲ್ಲ. ಇಷ್ಟು ತಿಳಿದ ಮೇಲೆ ನಾವು ಎಚ್ಚರಗೊಳ್ಳಬೇಕಾಗಿತ್ತು. ಆದರೆ ಮಾರನೆಯ ದಿನವೇ ಗ್ರಂಧಿಗೆ ಅಂಗಡಿಗೆ ಹೋಗಿ ಶತಾವರಿಯನ್ನು ಕೇಳಿದೆವು. ಪತ್ರಿಕೆಗಳಲ್ಲಿ ಅದರ ಜಾಹೀರಾತನ್ನು ನೋಡಿದ್ದೆವು.

ಶತಾವರಿಗೆ ಕನ್ನಡದಲ್ಲಿ ಹಲವು ಮಕ್ಕಳ ತಾಯಿ ಬೇರು ಎಂಬ ಸೊಗಸಾದ ಹೆಸರಿದೆ. ಬಳ್ಳಿಯನ್ನು ಅಗೆದು ನೋಡಿದವರಿಗೆ ಅದು ಅನ್ವರ್ಥನಾಮವೆಂದು ತಿಳಿಯುವುದು. ಒಂದು ಬುಡದ ಸುತ್ತ ಬಿಳಿಯ ಗೆಡ್ಡೆಬೇರುಗಳು ತಾಯಿಯನ್ನು ಮುತ್ತಿದ ಮಕ್ಕಳಂತೆ ಗೊಂಚಲಾಗಿರುತ್ತವೆ. ಸಂಸ್ಕೃತದಲ್ಲಿ ಶತಮೂಲೀ ಎಂಬ ಪರ್ಯಾಯಪದವೂ ಇದನ್ನೇ ಹೇಳುತ್ತದೆ. ಈಚಿನ ಜಾಹೀರಾತುಗಳು ಈ ಶಬ್ದಕ್ಕೆ “ನೂರು ಗಂಡಂದಿರುಳ್ಳವಳು” ಎಂದು ಅರ್ಥ ಹೇಳುವುದನ್ನು ಕಂಡು ನಮಗೆ ಕೆಂಪು ಶಾಯಿಯ ಲೇಖನಿಯನ್ನು ಹಿಡಿಯಬೇಕೆನಿಸಿತು. ನಿಘಂಟುಕಾರರು ಶತಾವರಿಯನ್ನು ಮುಖ್ಯವಾಗಿ ಸ್ತನ್ಯವರ್ಧಕವೆಂದೂ ಬಲಕರವಾದ ರಸಾಯನವೆಂದೂ ಹೊಗಳಿದ್ದಾರೆ. ಅದು ಬಾಣಂತಿಯ ಬೇರು. ಅದನ್ನು ಮುಟ್ಟು ನಿಲ್ಲುವ ಕಾಲದ ಉರಿಗೆ ಮದ್ದೆಂದು ಡಬ್ಬಿಯ ಮೇಲೆ ಅಚ್ಚುಮಾಡಿರುವುದು ಈ ಕಾಲದವರ ಸೇರಿಕೆ. ಆ ಉರಿಯನ್ನು ಅದು ನಿಶ್ಚಯವಾಗಿ ಶಮನಮಾಡುವುದೆಂದು ಹೇಳಲು ಸಾಕಾಗುವಷ್ಟು ದೊಡ್ಡ ಪರೀಕ್ಷೆಗಳು ನಡೆದಿಲ್ಲ.

ಮನೆಯಾಕೆ ಚೂರ್ಣವನ್ನು ಹಾಲಿನಲ್ಲಿ ಕದಡಿ ಕುಡಿದಳು. ಒಂದು ತಿಂಗಳ ಮೇಲೆ, “ವಾಸಿ ಎನ್ನಿಸುತ್ತದೆ” ಎಂದಳು. ನಮಗೆ ಪರಮಾನಂದವಾಯಿತು. ಎರಡನೆಯ ಡಬ್ಬಿ ಬಂದಿತು. ಉರಿಯೂ ಮತ್ತೆ ಬಂದಿತು. ಆಮೇಲೆ ಅಶ್ವಗಂಧ, ಸೋಯಾ ಇವು ಬಂದವು. ಮಗಳು ರಜೆಗೆ ಬಂದಾಗ ಬ್ಲ್ಯಾಕ್ ಕೋಹಾಷ್ ಬಂದಿತು.

ಈ ಬೇರಿನ ಚರಿತ್ರೆಯು ಸ್ವಾರಸ್ಯವಾದುದು. ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಬೆಳೆಯುವ ಇದನ್ನು ಅಲ್ಲಿನ ಮೂಲನಿವಾಸಿಗಳು ಬಳಸುತ್ತಿದ್ದರು. 1875ರಲ್ಲಿ ಮಸಾಚುಸೆಟ್ಸ್ ಪ್ರಾಂತದ ಲಿನ್ ಎಂಬ ಊರಿನಲ್ಲಿ ಲಿಡಿಯಾ ಪಿಂಕಮ್ ಎಂಬ ಗೃಹಿಣಿಯು ಹೆಂಗಸರ ಸಕಲ ಬಾಧೆಗಳಿಗೂ ಎಂದು ಒಂದು ಸಸ್ಯಕಷಾಯವನ್ನು ಮಾರಲಾರಂಭಿಸಿದಳು. ಅದರಲ್ಲಿ ಈ ಬೇರಿನೊಡನೆ ನಮ್ಮ ಮೆಂತ್ಯವೂ ಸೇರಿತ್ತು. ಕೆಡದಿರಲೆಂದು ಹಾಕಿದ ಮದ್ಯಸಾರವು ನೂರಕ್ಕೆ ಹದಿನೆಂಟರಷ್ಟಿತ್ತು. ಸೀಸೆಯ ಮೇಲೆ ಆಕೆಯ ಸೌಮ್ಯವಾದ ಮುಖವನ್ನು ಅಚ್ಚು ಹಾಕಿದರು. ವೈದ್ಯರೊಡನೆ ಹೇಳಿಕೊಳ್ಳಲಾರದ ಸಂಗತಿಗಳನ್ನು ಸ್ತ್ರೀಯರು ಆ ಮುಖಕ್ಕೆ ಪತ್ರ ಬರೆದು ತಿಳಿಸುತ್ತಿದ್ದರು. ಆ ಕಷಾಯವು ಅಷ್ಟು ಪ್ರಸಿದ್ಧವಾಗಲು ಬೇರಿಗಿಂತಲೂ ಈ ಪತ್ರಗಳೇ ಹೆಚ್ಚು ಕಾರಣವಾಗಿರಬಹುದೆಂದು ನಮಗೆ ಈಗ ತೋರುತ್ತದೆ. ಕೇಳುವವರೊಬ್ಬರು ಅಲ್ಲಿದ್ದರು.

ಬೇರಿನ ಗುಣವನ್ನು ವಿಧಿವತ್ತಾಗಿ ಪರೀಕ್ಷಿಸಿದವರೂ ಇದ್ದಾರೆ. ಅಮೆರಿಕದ ವಾಷಿಂಗ್ಟನ್ ಪ್ರಾಂತದಲ್ಲಿ 351 ಮಂದಿ ಸ್ತ್ರೀಯರನ್ನು ಪಂಗಡಗಳಾಗಿ ವಿಂಗಡಿಸಿ, ಕೆಲವರಿಗೆ ಬ್ಲ್ಯಾಕ್ ಕೋಹಾಷ್, ಕೆಲವರಿಗೆ ಅನೇಕ ಮೂಲಿಕೆಗಳ ಮಿಶ್ರಣ, ಕೆಲವರಿಗೆ ಹಾರ್ಮೋನು, ಕೆಲವರಿಗೆ ಔಷಧವೇ ಇಲ್ಲದ ಹುಸಿಗುಳಿಗೆ, ಹೀಗೆ ಒಂದು ವರ್ಷ ಕೊಟ್ಟು ನೋಡಿದರು. 2006ರಲ್ಲಿ ಪ್ರಕಟವಾದ ಫಲಿತಾಂಶವೇನೆಂದರೆ, ಹಾರ್ಮೋನಿನಿಂದ ಉರಿಯು ಸ್ಪಷ್ಟವಾಗಿ ತಗ್ಗಿತು. ಮೂಲಿಕೆಗಳು ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ. 2012ರಲ್ಲಿ 16 ಪರೀಕ್ಷೆಗಳನ್ನೂ 2027 ಸ್ತ್ರೀಯರನ್ನೂ ಒಟ್ಟುಗೂಡಿಸಿ ವಿಮರ್ಶಿಸಿದವರು ಈ ಬೇರಿನ ಪರವಾಗಿ ತೀರ್ಪು ಕೊಡಲು ಸಾಕಷ್ಟು ಆಧಾರವಿಲ್ಲವೆಂದರು. ಸೋಯಾದಲ್ಲಿ ಈಸ್ಟ್ರೋಜನ್ನನ್ನು ಸ್ವಲ್ಪಮಟ್ಟಿಗೆ ಹೋಲುವ ಪದಾರ್ಥಗಳಿರುವುದು ನಿಜ. ಆದರೆ 2013ರಲ್ಲಿ ಅಂತಹ ಸಸ್ಯಗಳ 43 ಪರೀಕ್ಷೆಗಳನ್ನು ಪರಿಶೀಲಿಸಿದಾಗ ಒಟ್ಟಿನ ಮೇಲೆ ಖಚಿತವಾದ ಪ್ರಯೋಜನವು ಕಂಡುಬರಲಿಲ್ಲ. ನಮ್ಮ ಉತ್ತರದ ಜಿಲ್ಲೆಗಳವರು ರೊಟ್ಟಿಯೊಡನೆ ತಿನ್ನುವ ಅಗಸೆಯ ವಿಷಯವೂ ಹೀಗೆಯೇ. 188 ಸ್ತ್ರೀಯರಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದು ಉರಿಯನ್ನು ಹುಸಿತಿಂಡಿಗಿಂತ ಹೆಚ್ಚಾಗಿ ತಗ್ಗಿಸಲಿಲ್ಲ. ಅಗಸೆಯ ಚಟ್ನಿಯನ್ನು ರುಚಿಗಾಗಿ ತಿನ್ನಲು ಯಾರ ಅಡ್ಡಿಯೂ ಇಲ್ಲ.

“ಹಾಗಾದರೆ ಪಕ್ಕದ ಮನೆಯವರಿಗೆ ಗುಣವಾದುದು ಹೇಗೆ?” ಎಂದು ವಾಚಕರು ಕೇಳಬಹುದು. ಇದಕ್ಕೂ ಉತ್ತರವುಂಟು. ಹಾರ್ಮೋನಿನ ಪರೀಕ್ಷೆಗಳಲ್ಲಿ ಹುಸಿಗುಳಿಗೆಯನ್ನು ನುಂಗಿದ ಸ್ತ್ರೀಯರಲ್ಲಿಯೂ ಉರಿಯ ಸಂಖ್ಯೆಯು ಅರ್ಧಕ್ಕಿಂತ ಹೆಚ್ಚು ಇಳಿದುದನ್ನು 2004ರ ಒಂದು ವಿಮರ್ಶೆಯು ತೋರಿಸಿತು. ಅವರ ಉರಿಯು ಸುಳ್ಳೆಂದು ಇದರ ಅರ್ಥವಲ್ಲ. ಉರಿಯು ತಾನಾಗಿಯೇ ಏರಿ ಇಳಿಯುವ ಸ್ವಭಾವದ್ದು. ಬಹಳ ಏರಿದಾಗಲೇ ಔಷಧವನ್ನು ಹಿಡಿಯುತ್ತೇವೆ, ಇಳಿದಾಗ ಕೀರ್ತಿಯನ್ನು ಔಷಧಕ್ಕೆ ಕೊಡುತ್ತೇವೆ. ನಂಬಿಕೆಯೂ ಆರೈಕೆಯೂ ಮಾಡುವ ಉಪಕಾರವೂ ಅಲ್ಪವಲ್ಲ. ಆದರೆ ಈ ಅವಸ್ಥೆಯು ಒಂದೆರಡು ತಿಂಗಳಲ್ಲಿ ಮುಗಿಯುವುದಲ್ಲ. 2015ರಲ್ಲಿ ಪ್ರಕಟವಾದ ಅಮೆರಿಕದ ದೀರ್ಘಾವಧಿಯ ಅಧ್ಯಯನವೊಂದರಲ್ಲಿ ಇದರ ಮಧ್ಯಮ ಅವಧಿಯು ಏಳೂವರೆ ವರ್ಷಗಳ ಸುಮಾರಿತ್ತು.

ಇಷ್ಟು ಮಾತ್ರವೇ ಆಗಿದ್ದರೆ ಹಣ ವ್ಯರ್ಥವಾಯಿತೆಂದು ಸುಮ್ಮನಿರುತ್ತಿದ್ದೆವು. ಆಮೇಲೆ ನಡೆದುದು ಬೇರೆ.

ಐವತ್ತನೆಯ ವಯಸ್ಸಿನಲ್ಲಿ ಆಕೆಯ ಮುಟ್ಟು ಪೂರ್ಣವಾಗಿ ನಿಂತಿತು. ಒಂದೂವರೆ ವರ್ಷವಾದ ಮೇಲೆ, ಕಳೆದ ವರ್ಷದ ಮಳೆಗಾಲಕ್ಕೆ ಮೊದಲು, ಸ್ವಲ್ಪ ಸ್ವಲ್ಪವಾಗಿ ರಕ್ತ ಕಾಣಿಸಿಕೊಂಡಿತು. ಆಕೆ ನಮಗೆ ಹೇಳಲಿಲ್ಲ. ನೆರೆಮನೆಯ ಹಿರಿಯರೊಬ್ಬರು ಅಶೋಕಾರಿಷ್ಟವನ್ನು ಕುಡಿಯೆಂದರು. ಆಕೆ ನಮ್ಮನ್ನು ಕರೆದು, “ಪೇಟೆಗೆ ಹೋದಾಗ ಒಂದು ಸೀಸೆ ಅಶೋಕಾರಿಷ್ಟ ತನ್ನಿ, ನಿತ್ರಾಣಕ್ಕೆ” ಎಂದಳು. ತಂದೆವು. ಮರುತಿಂಗಳು ಇನ್ನೊಂದು, ಅದರ ಮರುತಿಂಗಳು ಮತ್ತೊಂದು. ಅಶೋಕಾರಿಷ್ಟವನ್ನು ಯಾವುದಕ್ಕೆ ಕೊಡುವರೆಂಬುದು ಸಂಸ್ಕೃತವನ್ನು ಓದಿದ ನಮಗೆ ತಿಳಿಯದೆ ಇರಲಿಲ್ಲ. ಅದು ಅತಿಯಾದ ರಜಸ್ರಾವಕ್ಕೆ, ಎಂದರೆ ಮುಟ್ಟು ನಡೆಯುತ್ತಿರುವ ವಯಸ್ಸಿನವರ ಬಾಧೆಗೆ, ಹೇಳಿದ ಔಷಧ. ಮುಟ್ಟೇ ನಿಂತವಳಿಗೆ ಇದೇಕೆ ಎಂದು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಕೇಳಲಿಲ್ಲ. ಮೂರು ಸಲವೂ ಸೀಸೆಯನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟು ವೃತ್ತಪತ್ರಿಕೆಯನ್ನು ಓದಲು ಹೋದೆವು.

ಪ್ರಸಂಗವಶಾತ್ ಹೇಳತಕ್ಕ ಮಾತೊಂದಿದೆ. ಪಟ್ಟಣಗಳ ಮನೆಯಂಗಳದಲ್ಲಿ ಕಂಬದಂತೆ ನೆಟ್ಟಗೆ ಬೆಳೆದ ಮರವನ್ನು ಜನರು ಅಶೋಕವೆನ್ನುತ್ತಾರೆ, ಅದು ಅಶೋಕವಲ್ಲ. ಸೀತಾದೇವಿಯ ವನದ ಅಶೋಕವು ಕಿತ್ತಳೆ ಕೆಂಪಿನ ಹೂಗೊಂಚಲುಗಳ ಬೇರೊಂದು ಮರ. ಅದು ಈಗ ವಿರಳವಾಗಿರುವುದರಿಂದ ಅದರ ತೊಗಟೆಯ ಹೆಸರಿನಲ್ಲಿ ಕಂಬದ ಮರದ ತೊಗಟೆಯೂ ಇತರ ತೊಗಟೆಗಳೂ ಮಾರುಕಟ್ಟೆಗೆ ಬರುತ್ತಿರುವುದನ್ನು ಸಸ್ಯಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡಿದ್ದಾರೆ.

ಮೂರನೆಯ ಸೀಸೆಯು ಮುಗಿಯುವ ಮೊದಲು ಆಕೆಯೇ ಒಂದು ಸಂಜೆ ದೇವರ ಮುಂದೆ ದೀಪ ಹಚ್ಚಿ ಬಂದು, ನಮ್ಮ ಎದುರಿಗೆ ಕುಳಿತು, ಇದ್ದುದನ್ನು ಇದ್ದಂತೆ ಹೇಳಿದಳು. ಮರುದಿನವೇ ಜಿಲ್ಲೆಯ ಮುಖ್ಯ ಪಟ್ಟಣಕ್ಕೆ ಹೋದೆವು. ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಅಲ್ಲಿ ಸ್ತ್ರೀರೋಗ ವೈದ್ಯೆಯಾಗಿದ್ದಾಳೆ. ಆಕೆ ಎಲ್ಲವನ್ನೂ ಕೇಳಿ, ನಮ್ಮ ಕಡೆಗೆ ತಿರುಗಿ, “ಮೇಷ್ಟ್ರೇ, ಪ್ರಶ್ನೆಯನ್ನೇ ಓದದೆ ಉತ್ತರ ಬರೆದವರಿಗೆ ನೀವು ಎಷ್ಟು ಅಂಕ ಕೊಡುತ್ತಿದ್ದಿರಿ?” ಎಂದಳು. ಗುರುವಿಗೆ ಶಿಷ್ಯೆಯು ಹಾಕಿದ ಆ ಪ್ರಶ್ನೆಗೆ ನಾವು ಉತ್ತರ ಕೊಡಲಿಲ್ಲ.

ಆಕೆ ಹೇಳಿದುದನ್ನು ಪ್ರತಿಯೊಬ್ಬ ಗೃಹಸ್ಥನೂ ನೆನಪಿನಲ್ಲಿಡತಕ್ಕದ್ದು. ಕಡೆಯ ಮುಟ್ಟಾಗಿ ಹನ್ನೆರಡು ತಿಂಗಳು ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರಿಗೆ ತೋರಿಸಬೇಕು, ಅದಕ್ಕೆ ಮನೆಮದ್ದಿಲ್ಲ. ಹೆಚ್ಚಿನವರಲ್ಲಿ ಕಾರಣವು ಸಾಧಾರಣವಾದುದೇ. ಆದರೆ ಇಂತಹ ನೂರು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುವುದೆಂದು 2018ರ ಒಂದು ವಿಮರ್ಶೆಯು ತೋರಿಸಿತು. ಆ ರೋಗದವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ರಕ್ತಸ್ರಾವವೇ ಮುನ್ಸೂಚನೆ. ಬೇಗ ಕಂಡುಹಿಡಿದರೆ ಬಹುಮಟ್ಟಿಗೆ ಗುಣವಾಗುವ ರೋಗವಿದು. ಸೀಸೆಗಳ ಹಿಂದೆ ಬಚ್ಚಿಟ್ಟರೆ ಹಾಗಲ್ಲ.

ಸ್ಕ್ಯಾನ್ ಮಾಡಿದರು. ಒಳಪದರವು 4 ಮಿಲಿಮೀಟರಿಗಿಂತ ತೆಳ್ಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲವಂತೆ. ಆಕೆಯದು ಅದಕ್ಕಿಂತ ದಪ್ಪವಾಗಿತ್ತು. ಒಂದು ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಫಲಿತಾಂಶಕ್ಕೆ ಎಂಟು ದಿನ ಕಾಯಬೇಕಾಯಿತು. ಸಾವಿರಾರು ಮಕ್ಕಳನ್ನು ಫಲಿತಾಂಶಕ್ಕಾಗಿ ಕಾಯಿಸಿದ ನಮಗೆ ಕಾಯುವುದೆಂದರೇನೆಂದು ಆ ಎಂಟು ದಿನಗಳಲ್ಲಿ ತಿಳಿಯಿತು. ನಾಲ್ಕನೆಯ ರಾತ್ರಿ, ನಿದ್ರೆ ಬಾರದೆ ಇಬ್ಬರೂ ಜಗಲಿಯ ಮೇಲೆ ಕುಳಿತಿರುವಾಗ, “ನನಗೆ ಮೊದಲೇ ಏಕೆ ಹೇಳಲಿಲ್ಲ?” ಎಂದು ಕೇಳಿದೆವು. ಆಕೆಯ ದನಿಯಲ್ಲಿ ಕೋಪವಿರಲಿಲ್ಲ. “ಉರಿ ಅಂದೆ, ಡಬ್ಬಿ ತಂದಿರಿ. ನಿದ್ದೆಯಿಲ್ಲ ಅಂದೆ, ಇನ್ನೊಂದು ಡಬ್ಬಿ ತಂದಿರಿ. ಇದನ್ನೂ ಹೇಳಿದ್ದರೆ ಮತ್ತೊಂದು ತರುತ್ತಿದ್ದಿರಿ. ಅದಕ್ಕೆ, ಹೇಳದೆಯೇ ತರಿಸಿಕೊಂಡೆ” ಎಂದಳು.

ಫಲಿತಾಂಶವು ಬಂದಿತು. ಅದು ಕ್ಯಾನ್ಸರ್ ಅಲ್ಲ. ಒಳಪದರದಲ್ಲಿ ಬೆಳೆದಿದ್ದ ನಿರಪಾಯಕರವಾದ ಸಣ್ಣ ಮಾಂಸಾಂಕುರ. ಅದನ್ನು ತೆಗೆದರು, ಆಕೆ ಮಾರನೆಯ ದಿನ ಮನೆಗೆ ಬಂದಳು.

ಬರುವ ಮೊದಲು ಶಿಷ್ಯೆಯು ಮತ್ತೆ ಕೆಲವು ಮಾತುಗಳನ್ನು ತಿಳಿಸಿದಳು. ಈಸ್ಟ್ರೋಜನ್ ಕುಗ್ಗಿದಾಗ ದೇಹದ ಶಾಖವನ್ನು ಕಾಯುವ ಮಿದುಳಿನ ಕೇಂದ್ರವು ಅಲ್ಪ ಏರುಪೇರನ್ನೂ ಸಹಿಸಲಾರದೆ ರಕ್ತನಾಳಗಳನ್ನು ಹಿಗ್ಗಿಸಿ ಬೆವರಿಸುತ್ತದೆ, ಉರಿಯ ಕಾರಣವಿದು. ಅದು ಬದುಕನ್ನೇ ಕೆಡಿಸುವಷ್ಟಿದ್ದರೆ ಹಾರ್ಮೋನು ಚಿಕಿತ್ಸೆಯೇ ಹೆಚ್ಚು ಫಲಕಾರಿ. 2002ರಲ್ಲಿ 16,608 ಸ್ತ್ರೀಯರ ಪರೀಕ್ಷೆಯೊಂದನ್ನು, ಸ್ತನದ ಕ್ಯಾನ್ಸರ್ ಮೊದಲಾದುವು ಸ್ವಲ್ಪ ಹೆಚ್ಚಾದುದನ್ನು ಕಂಡು ಅರ್ಧದಲ್ಲಿಯೇ ನಿಲ್ಲಿಸಿದ್ದರಿಂದ ಲೋಕವೆಲ್ಲ ಹೆದರಿ ಮೂಲಿಕೆಗಳ ಕಡೆಗೆ ತಿರುಗಿತು. ಆಮೇಲಿನ ವಿಚಾರಣೆಯಿಂದ, ಅರವತ್ತಕ್ಕಿಂತ ಕಡಿಮೆ ವಯಸ್ಸಿನವರಲ್ಲಿ, ಅಥವಾ ಮುಟ್ಟು ನಿಂತು ಹತ್ತು ವರ್ಷವಾಗದವರಲ್ಲಿ, ಬೇರೆ ಅಡ್ಡಿಯಿಲ್ಲದಿದ್ದರೆ, ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂದು ವೈದ್ಯರು ಸಾಮಾನ್ಯವಾಗಿ ಒಪ್ಪಿದ್ದಾರೆ. ಸ್ತನದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ರೋಗ ಮುಂತಾದವುಗಳಾಗಿದ್ದವರಿಗೆ ಅದು ಸಲ್ಲದು. ಇದನ್ನು ವೈದ್ಯರೇ ತೂಗಿ ನೋಡಬೇಕು. ಮನೆಯಾಕೆಯ ಉರಿಯು ಆ ವೇಳೆಗೆ ಇಳಿದಿದ್ದುದರಿಂದ ಆಕೆ ಬೇಡವೆಂದಳು.

ಮೂಲಿಕೆಗಳನ್ನು ನಿರಪಾಯಕರವೆಂದು ನಂಬುವುದೂ ತಪ್ಪು. ಬ್ಲ್ಯಾಕ್ ಕೋಹಾಷ್ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದರಿಂದ ಯೂರೋಪಿನ ಔಷಧ ನಿಯಾಮಕರು 2006ರಲ್ಲಿಯೇ ಎಚ್ಚರಿಕೆ ಕೊಟ್ಟರು. ಅಶ್ವಗಂಧದಿಂದಲೂ ಅಂತಹ ಪ್ರಸಂಗಗಳು ವರದಿಯಾಗಿವೆ. ತಿಂದುದು ಬೇರಾದರೂ ಪುಡಿಯಾದರೂ ವೈದ್ಯರಿಗೆ ಹೇಳಿಬಿಡಬೇಕು. ಇನ್ನು ಈ ವಯಸ್ಸಿನಲ್ಲಿ ಮೂಳೆಗಳು ಸವೆಯುವುದುಂಟು. ಅದಕ್ಕೆ ನಡಿಗೆ, ಬಿಸಿಲು, ಹಾಲು ಇವುಗಳೊಡನೆ ನಮ್ಮ ರಾಗಿಯೂ ಸಹಾಯಕ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ.

ಬೇರುಗಳ ಮೇಲೆ ನಮಗೆ ಹಗೆಯಿಲ್ಲ. ಅವು ತಮ್ಮ ಪಾಡಿಗೆ ಮಣ್ಣಿನಲ್ಲಿದ್ದವು. ಪೂರ್ವಿಕರು ಅವುಗಳಿಗೆ ಯುಕ್ತವಾದ ಕೆಲಸವನ್ನು ಹೇಳಿದ್ದರು. ಹೆಂಡತಿಯೊಡನೆ ಆಡಬೇಕಾದ ಮಾತನ್ನು ಬೇರಿನ ಕೈಯಲ್ಲಿ ಆಡಿಸಲು ಹೋದುದು ನಮ್ಮ ತಪ್ಪು. ಔಷಧವನ್ನು ತಂದುಕೊಟ್ಟೆವೆಂಬ ಸಮಾಧಾನವು ನಮಗೆ ಸಿಕ್ಕಿತು. ಆದುದರಿಂದಲೇ ಅವು ನಮ್ಮ ಔಷಧಿಗಳೆಂದು ಆಕೆ ಹೇಳಿದುದು ಸರಿಯಾಗಿದೆ.

ಆ ಹನ್ನೊಂದರಲ್ಲಿ ಇದ್ದುದನ್ನೆಲ್ಲ ಹಿತ್ತಲ ಗುಂಡಿಗೆ ಸುರಿದು ಮಣ್ಣು ಮುಚ್ಚಿದೆವು. ಶತಾವರಿಯ ಒಂದು ಡಬ್ಬಿಯನ್ನು ಆಕೆ ತೊಳೆದು ಒಣಗಿಸಿ ಮೆಂತ್ಯ ತುಂಬಿಟ್ಟಿದ್ದಾಳೆ. ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದೇವೆ; ಬೀಸಣಿಗೆಯ ಯಂತ್ರವು ಆಕೆಯ ಕಡೆಗೆ ತಿರುಗಿರುತ್ತದೆ; ಮಧ್ಯಾಹ್ನದ ಒಲೆಯ ಕೆಲಸವನ್ನು ನಾವು ಕಲಿತಿದ್ದೇವೆ, ಉಪ್ಪು ಹಾಕುವುದನ್ನು ಮರೆಯುವುದು ಈಗ ನಮ್ಮ ಸರದಿ. ಉರಿಯು ಬಹಳ ಕಡಿಮೆಯಾಗಿದ್ದರೂ ಒಂದೊಂದು ರಾತ್ರಿ ಈಗಲೂ ಬರುವುದುಂಟು. ಅಂತಹ ರಾತ್ರಿಗಳಲ್ಲಿ ಆಕೆ ಎದ್ದ ಸದ್ದಾದ ಕೂಡಲೇ ನಾವೂ ಎದ್ದು, ಕಂಬಳಿಯನ್ನು ಹೊದ್ದುಕೊಂಡು ಹೋಗಿ, ಹಿತ್ತಲ ಬಾಗಿಲನ್ನು ನಾವೇ ತೆರೆಯುತ್ತೇವೆ.